ಕೋಲು ಯಾರ ಕೈಯಲ್ಲಿ, ಮಾತು ಯಾರ ಬಾಯಲ್ಲಿ

1675ರ ನವೆಂಬರ್‌ನಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನ ಶಾಸನಸಭೆ ಒಂದು ಕಾನೂನು ಹೊರಡಿಸಿತು. ಆಗ ಅಲ್ಲಿ ಯುದ್ಧ ನಡೆಯುತ್ತಿತ್ತು. ವಾಂಪನೋಗ್ ಬುಡಕಟ್ಟಿನ ಮುಖಂಡ ಮೆಟಕಾಮ್ ಇಂಗ್ಲಿಷರ ಮೇಲೆ ತಿರುಗಿಬಿದ್ದಿದ್ದ. ಊರ ಮೇಲೆ ಊರು ಉರಿಯುತ್ತಿತ್ತು. ಈ ಸಂಕಟ ಯಾಕೆ ಬಂತು ಎಂದು ಶಾಸನಸಭೆ ತನ್ನನ್ನೇ ಕೇಳಿಕೊಂಡು ಉತ್ತರಗಳನ್ನೂ ಬರೆದಿಟ್ಟಿತು. ಗಂಡಸರು ಉದ್ದ ಕೂದಲು ಬಿಡುತ್ತಿದ್ದಾರೆ, ಕೃತಕ ಕೂದಲಿನ ಟೋಪನ್ ಹಾಕುತ್ತಿದ್ದಾರೆ. ಬಟ್ಟೆಬರೆಯಲ್ಲಿ ಡೌಲು ಹೆಚ್ಚಿದೆ. ಆರಾಧನೆ ಮುಗಿಯುವ ಮೊದಲೇ ಕೆಲವರು ಎದ್ದು ನಡೆಯುತ್ತಾರೆ. ಕ್ವೇಕರ್ ಪಂಥದವರು ಸಭೆ ಸೇರುತ್ತಿದ್ದಾರೆ. ಇದಕ್ಕಾಗಿಯೇ ದೇವರು ಕೋಲೆತ್ತಿದ್ದಾನೆ, ಆ ಕೋಲೇ ಮೂಲನಿವಾಸಿಗಳು. ಅವರ ನೆಲ ಅವರ ಕೈಬಿಟ್ಟು ಹೋದ ಬಗೆ ಮಾತ್ರ ಆ ಪಟ್ಟಿಯಲ್ಲಿ ಕಾಣುವುದಿಲ್ಲ.

ನಗು ಬರುವ ಪಟ್ಟಿ ಇದು. ಆದರೆ ಇದನ್ನು ಬರೆದ ಪರಂಪರೆಯನ್ನು ನಕ್ಕು ತಳ್ಳಿಹಾಕಲು ಬರುವುದಿಲ್ಲ. ಹನ್ನೆರಡು ವರ್ಷ ಸೆರೆಯಲ್ಲಿದ್ದು ಬಾಗದ ಜಾನ್ ಬನಿಯನ್ ಬಂದದ್ದು, ಇಂಗ್ಲೆಂಡಿನ ಚರ್ಚನ್ನು ಶುದ್ಧಗೊಳಿಸಲು ಹೊರಟ ಈ ಪ್ಯೂರಿಟನ್ ಬಳಗದಿಂದಲೇ. ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಮಣ್ಣಿಗಿಟ್ಟು ಕವಿತೆ ಬರೆದ ಆನ್ ಬ್ರಾಡ್‌ಸ್ಟ್ರೀಟ್ ಕೂಡ ಇವರ ಪೈಕಿಯವಳೇ. ಕಷ್ಟವೆಂದರೆ ತಂದೆಯಾದ ದೇವರು ತನ್ನ ಮಕ್ಕಳನ್ನು ತಿದ್ದುವ ಬಗೆ, ಅದನ್ನು ತಾಳಿಕೊಂಡು ನಂಬಿಕೆಯಲ್ಲಿ ನಿಲ್ಲುವುದೇ ಮಗುವಿನ ಗುರುತು ಎಂಬ ಬೋಧನೆಯನ್ನು 17ನೇ ಶತಮಾನದ ಈ ಜನರಷ್ಟು ವಿಸ್ತಾರವಾಗಿ ಬೆಳೆಸಿದವರು ಪ್ರಾಟೆಸ್ಟಂಟ್ ಲೋಕದಲ್ಲಿ ಕಡಿಮೆ. ಇದೇ ಬೋಧನೆ ಕೆಲವರನ್ನು ಎತ್ತಿ ನಿಲ್ಲಿಸಿತು, ಕೆಲವರನ್ನು ತುಳಿಯಿತು. ಎಲ್ಲಿ ನಿಲ್ಲಿಸಿತು, ಎಲ್ಲಿ ತುಳಿಯಿತು ಎಂದು ನೋಡುತ್ತ ಹೋದಾಗ ನನಗೆ ಕಂಡದ್ದು ಇಷ್ಟು: ಪೆಟ್ಟು ತಿಂದವರು ತಮ್ಮ ಬಗ್ಗೆ ತಾವೇ ಆಡಿದಾಗ ಈ ಮಾತಿಗೆ ಜೀವವಿದೆ, ಪಕ್ಕದಲ್ಲಿ ನಿಂತವರು ಪೆಟ್ಟು ತಿಂದವರ ಬಗ್ಗೆ ಆಡಿದಾಗ ಅದು ಕೆಡುತ್ತದೆ.

ಬೋಧನೆಯ ಬೇರು ಹೊಸ ಒಡಂಬಡಿಕೆಯ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯದಲ್ಲಿದೆ. ಬರೆದವರು ಯಾರೆಂದು ಪತ್ರಿಕೆ ಹೇಳುವುದಿಲ್ಲ. ಯಾರಿಗೆ ಬರೆದದ್ದು ಎಂಬುದರ ಸುಳಿವು 10ನೇ ಅಧ್ಯಾಯದಲ್ಲಿ ಸಿಗುತ್ತದೆ: ಊರೆದುರು ಅವಮಾನ ಪಟ್ಟವರು, ಆಸ್ತಿ ಕಳೆದುಕೊಂಡವರು, ಸೆರೆಯಲ್ಲಿದ್ದವರ ನೋವಿಗೆ ಪಾಲುದಾರರಾದವರು. ದಣಿದು, ಇನ್ನು ಸಾಕು ಎನ್ನುವ ಹಂತಕ್ಕೆ ಬಂದಿದ್ದ ಈ ಜನರಿಗೆ ಪತ್ರಿಕೆ ಜ್ಞಾನೋಕ್ತಿಗಳ ಮೂರನೇ ಅಧ್ಯಾಯದ ಮಾತೊಂದನ್ನು ನೆನಪಿಸುತ್ತದೆ. ದೇವರು ತಾನು ಪ್ರೀತಿಸುವವರನ್ನೇ ಶಿಕ್ಷಿಸಿ ತಿದ್ದುತ್ತಾನೆ, ಶಿಕ್ಷೆಯೇ ಇಲ್ಲದವರು ಮನೆಯ ಮಕ್ಕಳಲ್ಲ ಎಂಬುದು ಅದರ ಸಾರ. ಎರಡು ಸಂಗತಿಗಳನ್ನು ಇಲ್ಲಿ ಗಮನಿಸಬೇಕು. ಈ ಜನರ ಕಷ್ಟ ಅವರ ಪಾಪದ ಫಲ ಎಂದು ಪತ್ರಿಕೆ ಹೇಳುವುದಿಲ್ಲ. ಪೆಟ್ಟು ಬಿದ್ದದ್ದು ಅನ್ಯರ ಕೈಯಿಂದ, ಅನ್ಯಾಯವಾಗಿ. ಇನ್ನೊಂದು, ಬರೆದವನು ‘ನಾವು’ ಎನ್ನುತ್ತಾನೆ. ಓದುಗರ ಸಾಲಿನಲ್ಲೇ ನಿಂತು ಮಾತಾಡುತ್ತಾನೆ. ಶಿಕ್ಷೆಯ ಮಾತು ಮುಗಿಯುತ್ತಲೇ, ಜೋತುಬಿದ್ದ ಕೈಗಳನ್ನೂ ಕುಸಿದ ಮೊಣಕಾಲುಗಳನ್ನೂ ನೆಟ್ಟಗೆ ಮಾಡಿ ಎಂಬ ಅಪ್ಪಣೆ ಬರುತ್ತದೆ. ಕೋಲಿನ ವಚನ ಪ್ಯೂರಿಟನ್ ಗದ್ಯದಲ್ಲಿ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಮೊಣಕಾಲಿನ ವಚನಕ್ಕೆ ಅಷ್ಟು ಅದೃಷ್ಟ ಇರಲಿಲ್ಲ ಎಂಬುದು ನನ್ನ ಓದಿನ ಅನಿಸಿಕೆ.

ಕನ್ನಡದ ಓದುಗರಿಗೆ ಇಲ್ಲಿ ಎರಡು ಪರಿಚಿತ ನೆರಳುಗಳು ಕಾಣಿಸಬಹುದು. ಒಂದು ಪ್ರಾರಬ್ಧ, ಇನ್ನೊಂದು ರಾಘವಾಂಕನ ಹರಿಶ್ಚಂದ್ರ. ಎರಡೂ ಇದಲ್ಲ. ಪ್ರಾರಬ್ಧದಲ್ಲಿ ಲೆಕ್ಕ ತೀರಬೇಕು, ಲೆಕ್ಕಕ್ಕೆ ಮಮತೆಯಿಲ್ಲ. ಹರಿಶ್ಚಂದ್ರನದು ಪರೀಕ್ಷೆ, ಅವನಲ್ಲಿ ತಿದ್ದಬೇಕಾದ್ದು ಏನೂ ಇಲ್ಲ, ಲೋಕಕ್ಕೆ ತೋರಿಸಬೇಕಾದ್ದು ಇದೆ. ಪ್ಯೂರಿಟನ್ನನ ದೇವರು ಲೆಕ್ಕಿಗನೂ ಅಲ್ಲ, ಪರೀಕ್ಷಕನೂ ಅಲ್ಲ. ಮಗುವಿನ ನಡತೆಯ ಮೇಲೆ ಕಣ್ಣಿಟ್ಟ ತಂದೆ. ಆದ್ದರಿಂದಲೇ ಜ್ವರ ಬಂದರೂ ಮನೆ ಸುಟ್ಟರೂ ಇದು ಯಾಕೆ, ನನ್ನೊಳಗಿನ ಯಾವುದನ್ನು ಇದು ಮುಟ್ಟುತ್ತಿದೆ ಎಂಬ ಹುಡುಕಾಟ ಶುರುವಾಗುತ್ತದೆ. ದಿನಚರಿ ಬರೆಯುವ ಚಟ ಈ ಜನರಿಗೆ ಅಷ್ಟೊಂದು ಹತ್ತಿದ್ದಕ್ಕೆ ಇದೂ ಒಂದು ಕಾರಣ.

ಅವರ ಗುರು ಜಾನ್ ಕ್ಯಾಲ್ವಿನ್ ಇಲ್ಲಿ ಒಂದು ಗೆರೆ ಎಳೆದಿದ್ದ. ತೀರ್ಪಿನ ದಂಡನೆ ಬೇರೆ, ತಿದ್ದುವ ಶಿಕ್ಷೆ ಬೇರೆ. ನಂಬಿದವನಿಗೆ ಬರುವುದು ಎರಡನೆಯದು. ನೋವೇ ಆಗದವನಂತೆ ಕಲ್ಲಾಗಿ ನಿಲ್ಲುವ ಸ್ಟೋಯಿಕರ ಧೈರ್ಯ ಕ್ರೈಸ್ತರದಲ್ಲ ಎಂದೂ ಅವನು ವಾದಿಸಿದ. 1542ರಲ್ಲಿ ಹಸುಗೂಸು ಮಗನನ್ನೂ 1549ರಲ್ಲಿ ಹೆಂಡತಿ ಇಡಲೆಟ್‌ಳನ್ನೂ ಕಳೆದುಕೊಂಡವನಿಗೆ ಅಳುವ ಹಕ್ಕಿನ ಬೆಲೆ ಗೊತ್ತಿತ್ತು.

ಬೋಧನೆ ಇಂಗ್ಲೆಂಡಿನಲ್ಲಿ ಕುದಿಯ ಹಂತಕ್ಕೆ ಬಂದದ್ದು 1662ರಲ್ಲಿ. ಎಲ್ಲ ಸಭೆಗಳಲ್ಲೂ ಒಂದೇ ಆರಾಧನಾ ವಿಧಿ ಇರಬೇಕೆಂಬ ಏಕರೂಪತೆಯ ಕಾಯಿದೆಗೆ ಒಪ್ಪದ ಸುಮಾರು 2000 ಸಭಾಪಾಲಕರು ಕೆಲಸ, ಮನೆ ಎರಡನ್ನೂ ಬಿಟ್ಟು ಬೀದಿಗೆ ಬಂದರು. ಅವರಲ್ಲೊಬ್ಬ ಥಾಮಸ್ ವಾಟ್ಸನ್. ಕೆಲಸ ಹೋದ ಮರುವರ್ಷವೇ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗೇ ಕೂಡಿಬರುತ್ತದೆ ಎಂಬ ವಿಷಯದ ಮೇಲೆ ಪುಸ್ತಕ ಪ್ರಕಟಿಸಿದ. ಹೊಟ್ಟೆ ತುಂಬಿದವನು ಬರೆದಿದ್ದರೆ ಆ ಪುಸ್ತಕ ಹಳಸಲು ಉಪದೇಶವಾಗುತ್ತಿತ್ತು. ಇನ್ನೊಬ್ಬ ಪ್ಯೂರಿಟನ್ ಬೋಧಕ ರಿಚರ್ಡ್ ಬ್ಯಾಕ್ಸ್‌ಟರ್ ತನ್ನ ದೊಡ್ಡ ಪುಸ್ತಕ ‘ಸಂತರ ನಿತ್ಯ ವಿಶ್ರಾಂತಿ’ಯನ್ನು ಆರಂಭಿಸಿದ್ದು ಕಾಯಿಲೆ ಬಿದ್ದು ಸಾವು ಹತ್ತಿರವೆಂದುಕೊಂಡಾಗ. ಈ ಸಾಹಿತ್ಯದ ಶಕ್ತಿ ಇರುವುದು ಇಲ್ಲೇ. ನಾನು ಬಿದ್ದಿದ್ದೇನೆ, ಬಿದ್ದಲ್ಲಿಂದ ಹೇಳುತ್ತಿದ್ದೇನೆ ಎಂಬ ದನಿ ಅದರದು.

ಬನಿಯನ್ನನದು ಇನ್ನೂ ಗಟ್ಟಿ ಉದಾಹರಣೆ. ಪಾತ್ರೆಗಳಿಗೆ ಬೆಸುಗೆ ಹಾಕುವ ಕಸುಬಿನವನು. ಪರವಾನಗಿಯಿಲ್ಲದೆ ಬೋಧಿಸಿದನೆಂದು 1660ರಲ್ಲಿ ಬೆಡ್‌ಫರ್ಡ್ ಸೆರೆಗೆ ಹಾಕಿದರು. ಇನ್ನು ಬೋಧಿಸುವುದಿಲ್ಲ ಎಂದು ಮಾತು ಕೊಟ್ಟಿದ್ದರೆ ಮನೆಗೆ ಹೋಗಬಹುದಿತ್ತು, ಕೊಡಲಿಲ್ಲ. 1672ರವರೆಗೆ ಅಲ್ಲೇ ಉಳಿದ. ಬೂಟಿನ ದಾರಗಳಿಗೆ ಲೋಹದ ತುದಿ ಹಾಕಿ ಮಾರಿ ಸಂಸಾರಕ್ಕೆ ಒಂದಿಷ್ಟು ಕಾಸು ಕಳಿಸುತ್ತಿದ್ದ. ಹೆಂಡತಿ ಎಲಿಜಬೆತ್ ನ್ಯಾಯಾಧೀಶರ ಮುಂದೆ ನಿಂತು ವಾದಿಸಿ ಬರಿಗೈಯಲ್ಲಿ ಮರಳಿದಳು. 1666ರ ಆತ್ಮಕಥೆಯಲ್ಲಿ ಅವನು ಕಣ್ಣು ಕಾಣದ ಹಿರಿಮಗಳು ಮೇರಿಯನ್ನು ನೆನೆದು ತಾನು ಕುಸಿದದ್ದನ್ನು ಮುಚ್ಚಿಡುವುದಿಲ್ಲ. ತನ್ನ ಹಟಕ್ಕೆ ಆ ಮಗು ಬೆಲೆ ಕೊಡಬೇಕಾಯಿತಲ್ಲ ಎಂಬ ಕೊರಗು ಅಲ್ಲಿದೆ. ತಾಳ್ಮೆಯ ಬಗ್ಗೆ ಬರೆದ ಎಷ್ಟೋ ಪುಸ್ತಕಗಳಲ್ಲಿ ಇಂಥ ಒಂದು ಪುಟ ಸಿಗುವುದಿಲ್ಲ.

1678ರಲ್ಲಿ ಬಂದ ಅವನ ಯಾತ್ರಿಕನ ಕಥೆ ಕನ್ನಡಕ್ಕೆ ಬೇಗನೆ ಬಂದ ಕೃತಿಗಳಲ್ಲೊಂದು. 19ನೇ ಶತಮಾನದಲ್ಲೇ ಬಾಸೆಲ್ ಮಿಷನ್ನಿನವರು ಅದನ್ನು ‘ಯಾತ್ರಿಕನ ಸಂಚಾರ’ ಎಂದು ಮಂಗಳೂರಿನಿಂದ ಹೊರತಂದರು. ಕರಾವಳಿಯ ಪ್ರಾಟೆಸ್ಟಂಟ್ ಮನೆಗಳಲ್ಲಿ ಆ ಹೆಸರು ಇಂದಿಗೂ ಅಪರಿಚಿತವಲ್ಲ. ಅದನ್ನು ಓದಿದವರಿಗೆ ನೆನಪಿರುತ್ತದೆ: ಹತಾಶೆಯ ಕೆಸರಿನಿಂದ ಯಾತ್ರಿಕ ತಾನಾಗಿ ಮೇಲೆ ಬರುವುದಿಲ್ಲ, ಒಬ್ಬ ಕೈಕೊಟ್ಟು ಎಳೆಯುತ್ತಾನೆ. ದಾರಿಯಲ್ಲಿ ಒಬ್ಬ ಜೊತೆಗಾರ ಕೊಲೆಯಾದರೆ ಇನ್ನೊಬ್ಬ ಬಂದು ಸೇರಿಕೊಳ್ಳುತ್ತಾನೆ. ನಿರಾಶೆಯೆಂಬ ದೈತ್ಯನ ಕೋಟೆಯಲ್ಲೂ ಸೆರೆಯಾಗಿರುವವರು ಇಬ್ಬರು. ಕೊನೆಯ ಹೊಳೆ ದಾಟುವಾಗ ಮುಳುಗುತ್ತಿದ್ದ ಯಾತ್ರಿಕನ ತಲೆಯನ್ನು ನೀರಿನ ಮೇಲೆ ಹಿಡಿಯುವವನು ಆ ಜೊತೆಗಾರನೇ. ಒಂಟಿಯಾಗಿ ತಾಳಿಕೊಳ್ಳುವ ವೀರ ಬನಿಯನ್ನನಲ್ಲಿಲ್ಲ. ಇಬ್ರಿಯರ ಪತ್ರಿಕೆಯ ಆ ಮೊಣಕಾಲಿನ ವಚನವನ್ನು ದೈವಶಾಸ್ತ್ರದ ಪದವಿಯಿಲ್ಲದ ಈ ಕಸುಬುದಾರ ಪದವೀಧರರಿಗಿಂತ ಚೆನ್ನಾಗಿ ಓದಿದ್ದ.

ಕಲಿತವರ ಕಡೆಗೆ ಬರೋಣ. ಥಾಮಸ್ ಬ್ರೂಕ್ಸ್ 1659ರಲ್ಲಿ ಬರೆದ ಪುಸ್ತಕದ ಹೆಸರೇ ‘ಚುರುಗುಟ್ಟುವ ಕೋಲಿನಡಿಯಲ್ಲಿ ಮೂಕನಾದ ಕ್ರೈಸ್ತ’ ಎಂದಾಗುತ್ತದೆ. 39ನೇ ಕೀರ್ತನೆಯ ಒಂದೇ ವಚನವನ್ನು ಹಿಡಿದು, ಪೆಟ್ಟು ದೇವರಿಂದ ಬಂದದ್ದಾದ್ದರಿಂದ ಬಾಯಿ ಬಿಡದಿರುವುದು ಭಕ್ತನ ಧರ್ಮ ಎಂದು ಪುಟಗಟ್ಟಲೆ ಬೆಳೆಸುತ್ತಾನೆ. ಬ್ರೂಕ್ಸ್ ಕಟುಕನಲ್ಲ. ಮೂಕತನವೆಂದರೆ ನರಳಬಾರದು, ಬೇಡಬಾರದು ಎಂದಲ್ಲ ಎಂದು ಅವನೇ ವಿವರಿಸುತ್ತಾನೆ, ಬರವಣಿಗೆಯೂ ಸೊಗಸು. ಆದರೂ ಪುಸ್ತಕದ ಒಟ್ಟು ಒತ್ತಡ ಒಂದೇ ದಿಕ್ಕಿಗೆ: ಬಾಯಿ ಮುಚ್ಚು. ಅದೇ ಕೀರ್ತನೆಯನ್ನು ಕೊನೆಯವರೆಗೆ ಓದಿದರೆ ಕಥೆ ಬೇರೆ. ಮೌನವಾಗಿದ್ದೆ ಎಂದವನು ಮುಂದೆ ಪೆಟ್ಟು ನಿಲ್ಲಿಸೆಂದು ಕೇಳುತ್ತಾನೆ. ಸಾಯುವ ಮೊದಲು ತುಸು ಉಸಿರಾಡಲು ಬಿಡು, ನಿನ್ನ ದೃಷ್ಟಿಯನ್ನು ನನ್ನಿಂದ ಅತ್ತ ತಿರುಗಿಸು ಎಂಬ ಅರ್ಥದ ಮೊರೆಯಲ್ಲಿ ಕೀರ್ತನೆ ಮುಗಿಯುತ್ತದೆ. ದೇವರೊಂದಿಗೆ ಜಗಳವಾಡುವ ಇಂಥ ಸಾಲುಗಳಿಗೆ ಬೈಬಲ್ಲಿನಲ್ಲಿ ಬರವಿಲ್ಲ. ಯೋಬನ ಗ್ರಂಥದ ಬಹುಪಾಲು ಅದೇ. ಕೊನೆಗೆ ದೇವರು ಸಿಟ್ಟಾಗುವುದು ಕೂಗಾಡಿದ ಯೋಬನ ಮೇಲಲ್ಲ. ನಿನ್ನ ಪಾಪಕ್ಕೇ ಇದು ಬಂದದ್ದು ಎಂದು ದೇವರ ಪರವಾಗಿ ವಕಾಲತ್ತು ವಹಿಸಿದ ಸ್ನೇಹಿತರ ಮೇಲೆ.

ಬಾಯಿ ಮುಚ್ಚೆಂಬ ಬೋಧನೆಯ ಭಾರ ಹೆಚ್ಚಾಗಿ ಬಿದ್ದದ್ದು ತಾಯಂದಿರ ಮೇಲೆ. ಮಕ್ಕಳು ಸಾಯುವುದು ಆ ಕಾಲದಲ್ಲಿ ದಿನದ ಮಾತು. ಬಾಸ್ಟನ್ನಿನ ಸಭಾಪಾಲಕ ಕಾಟನ್ ಮಾಥರ್‌ನ ಹದಿನೈದು ಮಕ್ಕಳಲ್ಲಿ ಅವನ ನಂತರ ಉಳಿದವರು ಇಬ್ಬರೇ; 1713ರ ದಡಾರದಲ್ಲಿ ಹೆಂಡತಿ, ಅವಳಿ ಹಸುಗೂಸುಗಳು, ಇನ್ನೊಬ್ಬ ಮಗಳು ಎಲ್ಲರೂ ಕೆಲವೇ ದಿನಗಳಲ್ಲಿ ಹೋದರು. ಇಂಥ ಮನೆಗಳಲ್ಲಿ ಕೇಳಿಬರುತ್ತಿದ್ದ ಉತ್ತರ: ಮಗುವನ್ನು ಅತಿಯಾಗಿ ಹಚ್ಚಿಕೊಂಡೆ, ಅದು ನಿನಗೆ ವಿಗ್ರಹವಾಯಿತು, ಆದ್ದರಿಂದ ದೇವರು ತೆಗೆದುಕೊಂಡ. ಪ್ರೀತಿಸಿದ್ದೇ ತಪ್ಪು ಎಂದು ಹೆತ್ತವಳಿಗೆ ಹೇಳುವ ಸಮಾಧಾನ ಎಂಥ ಸಮಾಧಾನ?

ಆನ್ ಬ್ರಾಡ್‌ಸ್ಟ್ರೀಟ್ ಈ ಉತ್ತರವನ್ನು ಒಪ್ಪಿಕೊಂಡೂ ಒಪ್ಪದವಳು. 1666ರ ಜುಲೈನಲ್ಲಿ ಅವಳ ಮನೆ ಸುಟ್ಟುಹೋಯಿತು. ದೇವರು ಕೊಟ್ಟದ್ದು, ದೇವರೇ ತೆಗೆದುಕೊಂಡ ಎಂದು ಪದ್ಯ ಶುರುಮಾಡಿದವಳು ಬೇಗನೇ ಬೂದಿಯ ಕಡೆ ತಿರುಗಿ, ಪೆಟ್ಟಿಗೆ ಇಟ್ಟಿದ್ದ ಜಾಗ, ಅತಿಥಿಗಳು ಕೂರುತ್ತಿದ್ದ ಮೇಜು ಎಂದು ಒಂದೊಂದನ್ನೂ ನೆನೆಯುತ್ತಾಳೆ. ಆಮೇಲೆ ತನ್ನನ್ನು ತಾನೇ ಗದರಿಕೊಳ್ಳುತ್ತಾಳೆ. ಆ ಗದರಿಕೆಗಿಂತ ಮೇಜೇ ಓದುಗನ ಮನಸ್ಸಿನಲ್ಲಿ ಉಳಿಯುವುದು. 1669ರಲ್ಲಿ, ಹುಟ್ಟಿ ತಿಂಗಳಷ್ಟೇ ಆಗಿದ್ದ ಮೊಮ್ಮಗ ಸೈಮನ್ ತೀರಿಕೊಂಡಾಗ ಬರೆದ ಪುಟ್ಟ ಪದ್ಯದಲ್ಲಿ ದೇವರ ಮುಂದೆ ಮೂಕರಾಗಿರೋಣ ಎನ್ನುತ್ತಾಳೆ, ಅವನು ನ್ಯಾಯವಂತನಷ್ಟೇ ಅಲ್ಲ, ಕರುಣಾಳುವೂ ಹೌದೆಂದು ಹೇಳೋಣ ಎನ್ನುತ್ತಾಳೆ. ಹೌದು ಎನ್ನುವುದಿಲ್ಲ, ಹೌದೆಂದು ಹೇಳೋಣ ಎನ್ನುತ್ತಾಳೆ. ಮೂರು ಮೊಮ್ಮಕ್ಕಳ ನಂತರ ಅಷ್ಟು ಮಾತ್ರ ಅವಳಿಂದ ಸಾಧ್ಯವಾಯಿತು. ನಂಬಿಕೆಯಲ್ಲಿ ತಾಳಿಕೊಳ್ಳುವುದು ಎಂದರೆ ಹೀಗೂ ಇರುತ್ತದೆ ಎಂಬುದಕ್ಕೆ ಬ್ರೂಕ್ಸನ ಇಡೀ ಪುಸ್ತಕಕ್ಕಿಂತ ಈ ಕೆಲವು ಸಾಲುಗಳು ಪ್ರಾಮಾಣಿಕ ಸಾಕ್ಷ್ಯ ಎಂದು ನನಗೆ ತೋರುತ್ತದೆ.

ಒಬ್ಬರಿಗೆ ಬಂದ ಕಷ್ಟವನ್ನು ಮತ್ತೊಬ್ಬರು ಬಿಡಿಸಿ ಅರ್ಥ ಹೇಳುವುದು ಅವರ ಹೆಸರಿಗೆ ಬಂದ ಕಾಗದವನ್ನು ಒಡೆದು ಓದಿದ ಹಾಗೆ. ಪ್ಯೂರಿಟನ್ ಪೀಠಗಳು ಇದನ್ನು ವೃತ್ತಿಯನ್ನಾಗಿಯೇ ಮಾಡಿಕೊಂಡವು. ಥಾಮಸ್ ವಿನ್ಸೆಂಟನ ವಿಷಯದಲ್ಲಿ ಮಾತ್ರ ಬೇಗ ತೀರ್ಪು ಕೊಡಲು ಮನಸ್ಸಾಗುವುದಿಲ್ಲ. 1665ರ ಪ್ಲೇಗಿನಲ್ಲಿ ಲಂಡನ್ನಿನ ಎಷ್ಟೋ ಪಾದ್ರಿಗಳು ಊರು ಬಿಟ್ಟಾಗ, 1662ರಲ್ಲಿ ಸಭಾಪಾಲಕನ ಕೆಲಸ ಕಳೆದುಕೊಂಡಿದ್ದ ಈತ ಊರಲ್ಲೇ ಉಳಿದು, ಖಾಲಿ ಪೀಠಗಳನ್ನು ಹತ್ತಿ, ಸಾಯುತ್ತಿದ್ದವರ ನಡುವೆ ಓಡಾಡಿದ. ಆದರೆ 1667ರಲ್ಲಿ ಪ್ಲೇಗು ಮತ್ತು ಅದರ ಮರುವರ್ಷ ಊರನ್ನು ಸುಟ್ಟ ಬೆಂಕಿ ಎರಡರ ಮೇಲೂ ಬರೆದ ಪುಸ್ತಕದಲ್ಲಿ ಅವನೂ ಲಂಡನ್ನಿನ ಪಾಪಗಳ ಉದ್ದನೆಯ ಪಟ್ಟಿ ಕೊಡುತ್ತಾನೆ. ಅವನ ಕೈಗಳು ಮಾಡಿದ ಕೆಲಸ ಅವನ ವ್ಯಾಖ್ಯಾನಕ್ಕಿಂತ ದೊಡ್ಡದಿತ್ತು. ಸಿಲೋವದಲ್ಲಿ ಬುರುಜು ಕುಸಿದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೇನಲ್ಲ ಎಂದು ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ್ದು ವಿನ್ಸೆಂಟನಿಗೆ ಗೊತ್ತಿಲ್ಲದ್ದೇನಲ್ಲ. ಹುಟ್ಟುಕುರುಡನ ವಿಷಯದಲ್ಲೂ ಇವನ ಪಾಪವೋ ತಂದೆತಾಯಿಯ ಪಾಪವೋ ಎಂಬ ಶಿಷ್ಯರ ಪ್ರಶ್ನೆಯನ್ನು ಯೇಸು ಒಪ್ಪಲಿಲ್ಲ. ಕ್ರಿಸ್ತನೇ ತಡೆದ ಲೆಕ್ಕಾಚಾರವನ್ನು ಕ್ರಿಸ್ತನ ಹೆಸರಲ್ಲೇ ಮುಂದುವರಿಸಿದ್ದು ಈ ಪರಂಪರೆಯ ದೊಡ್ಡ ವಿಪರ್ಯಾಸ. 1679ರಲ್ಲಿ ಬಾಸ್ಟನ್ನಿನಲ್ಲಿ ಸೇರಿದ ಸಭಾಹಿರಿಯರ ಮಹಾಸಭೆ ಕೂಡ ಇಂಥದೇ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡಿ ಅಚ್ಚು ಹಾಕಿಸಿತು.

ನನ್ನ ಮಾತಿನ ಎರಡೂ ತುದಿಗಳು ಒಂದೇ ಪುಸ್ತಕದಲ್ಲಿ ಸಿಗುವುದು ಮೇರಿ ರೋಲಂಡ್‌ಸನ್‌ಳಲ್ಲಿ. ಮೆಟಕಾಮ್‌ನ ಯುದ್ಧ ನಡೆದಿದ್ದಾಗಲೇ, 1676ರ ಫೆಬ್ರುವರಿಯಲ್ಲಿ, ಲ್ಯಾಂಕಸ್ಟರ್ ಎಂಬ ಗಡಿ ಊರಿನ ಮೇಲೆ ಮೂಲನಿವಾಸಿಗಳ ದಾಳಿಯಾಯಿತು. ಅಲ್ಲಿನ ಸಭಾಪಾಲಕನ ಹೆಂಡತಿ ಈಕೆ. ಗುಂಡೊಂದು ಇವಳ ಪಕ್ಕೆಯನ್ನು ಸೀಳಿ ತೋಳಿನಲ್ಲಿದ್ದ ಆರು ವರ್ಷದ ಮಗಳು ಸಾರಾಳಿಗೂ ತಗಲಿತು. ಸೆರೆಯಾಗಿ ಹಿಮದಲ್ಲಿ ನಡೆದರು. ಒಂಬತ್ತನೆಯ ದಿನ ಮಗು ಸತ್ತಿತು. ಹನ್ನೊಂದು ವಾರ ಕಾಡಿನಲ್ಲಿ ಅಲೆದು, ಅಂಗಿ ಹೊಲಿದು, ಕಾಲುಚೀಲ ಹೆಣೆದು ಹೊಟ್ಟೆ ಹೊರೆದು, ಕೊನೆಗೆ 20 ಪೌಂಡ್ ಒತ್ತೆಹಣಕ್ಕೆ ಬಿಡುಗಡೆಯಾದಳು. 1682ರಲ್ಲಿ ಅಚ್ಚಾದ ಅವಳ ಕಥನ ಇಬ್ರಿಯರ 12ನೇ ಅಧ್ಯಾಯವನ್ನೇ ಕೀಲಿಕೈಯಾಗಿ ಹಿಡಿಯುತ್ತದೆ. ಹಿಂದೆ ಬೇರೆಯವರ ಕಷ್ಟ ಕಂಡು, ನನಗೆ ಇದು ಯಾಕಿಲ್ಲ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲವೇ ಎಂದು ಅಂಜುತ್ತಿದ್ದುದನ್ನೂ ಸಬ್ಬತ್ ದಿನಗಳನ್ನು ಉಡಾಫೆಯಲ್ಲಿ ಕಳೆದದ್ದನ್ನೂ ಅವಳು ನೆನೆಯುತ್ತಾಳೆ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವಾಗ ಅವಳ ಮಾತನ್ನು ನಂಬಬೇಕೆನಿಸುತ್ತದೆ. ಬಿಡುಗಡೆಯ ನಂತರವೂ ಲೋಕ ಮಲಗಿದ್ದಾಗ ತನಗೆ ನಿದ್ದೆ ಬಾರದೆಂದು ಒಪ್ಪಿಕೊಳ್ಳುವಲ್ಲಿ ಸಿದ್ಧಾಂತ ಗುಣಪಡಿಸದ ಗಾಯವೊಂದು ಕಾಣುತ್ತದೆ.

ಆದರೆ ಸುತ್ತ ಇದ್ದ ಜನ ಅವಳಿಗೆ ಬರೀ ಕೋಲು. ಇಂಗ್ಲಿಷ್ ಸೈನ್ಯ ದಾಟಲಾರದ ಹೊಳೆಯನ್ನು ಆ ಜನ ಮಕ್ಕಳುಮರಿ ಕಟ್ಟಿಕೊಂಡು ದಾಟಿದ್ದನ್ನು ಕಂಡು ಬೆರಗಾಗುತ್ತಾಳೆ. ಬೇರು ನಾರು ಮೂಳೆ ತಿಂದು ಬದುಕುಳಿದದ್ದನ್ನು ಬರೆಯುತ್ತಾಳೆ. ಅಲ್ಲೊಂದು ಸಮುದಾಯ ಹಸಿವು, ಚಳಿ, ಯುದ್ಧಗಳನ್ನು ತಾಳಿಕೊಳ್ಳುತ್ತಿತ್ತು. ಅವಳ ಓದಿನಲ್ಲಿ ಅದು ನಮ್ಮನ್ನು ಹೊಡೆಯಲು ದೇವರು ಕೋಲನ್ನು ಮುರಿಯದೆ ಉಳಿಸಿಕೊಂಡ ಅಚ್ಚರಿ ಮಾತ್ರ. ಅವಳನ್ನು ಸೆರೆಯಾಳಾಗಿ ಇಟ್ಟುಕೊಂಡಿದ್ದ ಮುಖಂಡೆ ವೀಟಮೂಳ ಹಸುಗೂಸು ಸತ್ತಾಗ, ಗುಡಿಸಿಲಿನಲ್ಲಿ ಜಾಗ ಹೆಚ್ಚಾದದ್ದೇ ಇದರಿಂದಾದ ಲಾಭ ಎಂದು ಬರೆಯುತ್ತಾಳೆ. ಸ್ವಂತ ಮಗುವನ್ನು ಕಳೆದುಕೊಂಡು ಕೆಲವೇ ವಾರಗಳಾಗಿದ್ದ ತಾಯಿ. ಕ್ರೌರ್ಯ ಅವಳ ಸ್ವಭಾವವಾಗಿರಲಾರದು; ನನ್ನ ಸಂಕಟ ಪಾಠ, ಅವರ ಸಂಕಟ ಲೆಕ್ಕಕ್ಕಿಲ್ಲ ಎನ್ನುವ ಓದಿನ ಕ್ರಮ ಅದು. ಕೋಲಿಗೆ ಅಳು ಇರುವುದು ಸಾಧ್ಯವಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ವೀಟಮೂ ಹೊಳೆಯಲ್ಲಿ ಮುಳುಗಿ ಸತ್ತಳು. ಇಂಗ್ಲಿಷರು ಅವಳ ತಲೆ ಕಡಿದು ಟಾಂಟನ್ ಊರಿನಲ್ಲಿ ಕಂಬಕ್ಕೆ ಸಿಕ್ಕಿಸಿದರು.

ಇನ್ನೊಂದು ಸಂಗತಿ ಈ ಕಥೆಯ ಅಂಚಿನಲ್ಲಿದೆ. ಧರ್ಮಪ್ರಚಾರಕ ಜಾನ್ ಎಲಿಯಟ್ 1663ರಲ್ಲಿ ಮೂಲನಿವಾಸಿಗಳ ಭಾಷೆಯಲ್ಲಿ ಬೈಬಲ್ ಅಚ್ಚು ಹಾಕಿಸಿದಾಗ ಮೊಳೆ ಜೋಡಿಸಿದವರಲ್ಲಿ ಒಬ್ಬ ನಿಪ್ಮಕ್ ಬುಡಕಟ್ಟಿನ ಕ್ರೈಸ್ತ, ಇಂಗ್ಲಿಷರು ಜೇಮ್ಸ್ ಪ್ರಿಂಟರ್ ಎಂದು ಕರೆದವನು. ಯುದ್ಧ ಶುರುವಾದಾಗ ವಸಾಹತಿನವರು ಅವನಂಥ ಕ್ರೈಸ್ತ ಮೂಲನಿವಾಸಿಗಳನ್ನೂ ನಂಬದೆ, ನೂರಾರು ಜನರನ್ನು ಬಾಸ್ಟನ್ ಬಂದರಿನ ಡಿಯರ್ ದ್ವೀಪಕ್ಕೆ ಸಾಗಿಸಿದರು. ಚಳಿಗಾಲದಲ್ಲಿ ಅನ್ನವಿಲ್ಲದೆ, ಸೂರಿಲ್ಲದೆ ಬಹಳ ಮಂದಿ ಸತ್ತರು. ಎಲಿಯಟ್ ಪ್ರತಿಭಟಿಸಿದ, ಕೇಳಿದವರು ಕಡಿಮೆ. ಸ್ವಂತ ಧರ್ಮದವರ ಕೈಯಲ್ಲೇ ನರಳುತ್ತ ಕ್ರಿಸ್ತನನ್ನು ಬಿಡದೆ ಉಳಿದವರು ಅಲ್ಲಿದ್ದರು. ನಂಬಿಕೆಯ ತಾಳ್ಮೆಗೆ ಆ ಶತಮಾನದ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಕಾಣುವುದಿಲ್ಲ. ಪೀಠಗಳು ಇವರನ್ನು ಮಾದರಿಯಾಗಿ ತೋರಿಸಲಿಲ್ಲ. ಮುಂದೆ ರೋಲಂಡ್‌ಸನ್‌ಳ ಕಥನದ ಎರಡನೇ ಆವೃತ್ತಿ ಅಚ್ಚಾದದ್ದು ಎಲಿಯಟ್‌ನ ಬೈಬಲ್ ಅಚ್ಚಾದ, ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮುದ್ರಣಾಲಯದಲ್ಲೇ. ಅದರ ಮೊಳೆ ಜೋಡಿಸಿದವರಲ್ಲೂ ಜೇಮ್ಸ್ ಪ್ರಿಂಟರ್ ಇದ್ದ. ಅವನಿಗೇನನ್ನಿಸಿತೋ, ಬರೆದಿಡಲಿಲ್ಲ.

ಹಾಗಿದ್ದರೆ ಈ ಬೋಧನೆಯನ್ನೇ ಕೈಬಿಡಬೇಕೇ? ಇಂದಿನ ಅನೇಕ ಸಭೆಗಳು ಕೈಬಿಟ್ಟಿವೆ, ಅದರ ಜಾಗದಲ್ಲಿ ಆಶೀರ್ವಾದ, ಆರೋಗ್ಯ, ಏಳಿಗೆಯ ಬೋಧನೆ ಬಂದಿದೆ. ನಮ್ಮ ಊರುಗಳ ಗೋಡೆಗಳಲ್ಲಿ ಅದರ ಪೋಸ್ಟರುಗಳೂ ಇವೆ. ಇದು ಹೆಚ್ಚು ಕರುಣಾಮಯಿ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಅಲ್ಲ. ಕಾಯಿಲೆ ವಾಸಿಯಾಗದಿದ್ದರೆ ನಿನ್ನ ನಂಬಿಕೆ ಸಾಲದು ಎಂಬ ಮಾತು ಯೋಬನ ಸ್ನೇಹಿತರದೇ, ಹೊಸ ಬಟ್ಟೆಯಲ್ಲಿ. ಪ್ಯೂರಿಟನ್ನರು ಕನಿಷ್ಠ ಪಕ್ಷ ಕಷ್ಟದಲ್ಲಿರುವವನನ್ನು ದೇವರ ಮನೆಯ ಹೊರಗೆ ನಿಲ್ಲಿಸಲಿಲ್ಲ. ನೀನು ಮಗುವಾದ್ದರಿಂದಲೇ ಇದು ಎಂದರು. ಅದರಲ್ಲಿರುವ ಗೌರವ ಸಣ್ಣದಲ್ಲ.

ಬೋಧನೆ ತನ್ನ ಯೋಗ್ಯ ಜಾಗದಲ್ಲಿ ನಿಂತರೆ ಏನಾಗುತ್ತದೆ ಎಂಬುದನ್ನು ಸ್ಯಾಮ್ಯುಯೆಲ್ ಸೂವಲ್ ತೋರಿಸಿಕೊಟ್ಟ. 1692ರ ಸೇಲಮ್ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲಿ ಅವನೂ ಒಬ್ಬ. ಹತ್ತೊಂಬತ್ತು ಮಂದಿಯನ್ನು ನೇಣಿಗೆ ಹಾಕಿದ್ದರು. 1696ರಲ್ಲಿ ಸೂವಲ್ ಮನೆಯಲ್ಲಿ ಒಂದು ಗಂಡುಮಗು ಸತ್ತೇ ಹುಟ್ಟಿತು; ಡಿಸೆಂಬರಿನಲ್ಲಿ ಎರಡು ವರ್ಷದ ಮಗಳು ಸಾರಾ ತೀರಿಕೊಂಡಳು. ಬೇರೆಯವರ ಉದ್ದ ಕೂದಲನ್ನಾಗಲಿ, ಹೆಂಡತಿಯ ಅತಿಪ್ರೀತಿಯನ್ನಾಗಲಿ ಅವನು ಕಾರಣವಾಗಿ ಎಣಿಸಲಿಲ್ಲ. 1697ರ ಜನವರಿ 14, ವಸಾಹತು ಸಾರಿದ ಉಪವಾಸದ ದಿನ. ಬಾಸ್ಟನ್ನಿನ ದಕ್ಷಿಣ ಸಭೆಯಲ್ಲಿ ಒಂದು ಚೀಟಿಯನ್ನು ಸಭಾಪಾಲಕ ಸ್ಯಾಮ್ಯುಯೆಲ್ ವಿಲ್ಲರ್ಡ್‌ನ ಕೈಗಿತ್ತು, ಅದನ್ನು ಓದಿ ಮುಗಿಸುವವರೆಗೆ ಎಲ್ಲರೆದುರು ಎದ್ದು ನಿಂತ. ತನ್ನ ಮೇಲೂ ಕುಟುಂಬದ ಮೇಲೂ ಮತ್ತೆ ಮತ್ತೆ ಬಿದ್ದ ಪೆಟ್ಟುಗಳನ್ನು ಬಲ್ಲೆನೆಂದೂ ಸೇಲಮ್ಮಿನ ತಪ್ಪಿನ ಹೊಣೆ ಹಾಗೂ ನಾಚಿಕೆಯನ್ನು ತಾನು ಹೊರಲು ಬಯಸುತ್ತೇನೆಂದೂ ಅದರಲ್ಲಿತ್ತು. ಮಗುವಿನ ಸಾವಿಗೂ ಸೇಲಮ್ಮಿಗೂ ಅವನು ಹಾಕಿದ ಗಂಟನ್ನು ನಾನು ಒಪ್ಪಲಾರೆ. ಆದರೆ ಆ ಗಂಟಿನಿಂದ ಬಡವಾದವರು ಯಾರೂ ಇಲ್ಲ. ನೇಣಾದವರ ಮನೆಯವರಿಗೆ ಒಬ್ಬ ನ್ಯಾಯಾಧೀಶನ ಒಪ್ಪಿಗೆಯಾದರೂ ಸಿಕ್ಕಿತು. ಮೂರು ವರ್ಷದ ನಂತರ, 1700ರಲ್ಲಿ, ಅದೇ ಸೂವಲ್ ಗುಲಾಮರ ವ್ಯಾಪಾರದ ವಿರುದ್ಧ ‘ಯೋಸೇಫನ ಮಾರಾಟ’ ಎಂಬ ಕಿರುಹೊತ್ತಿಗೆ ಅಚ್ಚು ಹಾಕಿಸಿದ. ಕರಿಯರ ಬಗ್ಗೆ ಅವನ ಕಾಲದ ಪೂರ್ವಗ್ರಹಗಳು ಅದರಲ್ಲಿ ಹಾಗೇ ಉಳಿದಿದ್ದರೂ, ಮನುಷ್ಯನನ್ನು ಮಾರುವುದು ಕಳ್ಳತನ ಎಂಬ ನಿಲುವಿನಲ್ಲಿ ಅಳುಕಿಲ್ಲ.

ಸೇಲಮ್ ನ್ಯಾಯಾಧೀಶರಲ್ಲಿ ಹೀಗೆ ಸಭೆಯೆದುರು ನಿಂತವನು ಅವನೊಬ್ಬನೇ. ಮುಖ್ಯ ನ್ಯಾಯಾಧೀಶ ವಿಲಿಯಂ ಸ್ಟೌಟನ್ ಯಾವ ತಪ್ಪನ್ನೂ ಒಪ್ಪಿಕೊಳ್ಳದೆ 1701ರಲ್ಲಿ ಸಾಯುವವರೆಗೆ ಅಧಿಕಾರದಲ್ಲೇ ಇದ್ದ.